ಕೆಲಸದ ಬಿಡಾರಕ್ಕೂ ತಿರುಗಾಟಕ್ಕೂ ಒಂದೇ ಟ್ರೇಲರ್: ಉತ್ತರ ಕನ್ನಡದಲ್ಲಿ ಆರಿಸುವುದು ಹೇಗೆ

ಕೈಗಾದಲ್ಲಿ ಗುತ್ತಿಗೆ ಕೆಲಸ, ಕಾರವಾರದ ನೌಕಾನೆಲೆಯ ಕಾಮಗಾರಿ, ಅಘನಾಶಿನಿ ಅಳಿವೆಯ ಸಿಗಡಿ ಕೆರೆಗಳ ಉಸ್ತುವಾರಿ, ಶಿರಸಿ-ಸಿದ್ದಾಪುರದ ಕಡೆ ಅಡಕೆ ಕೊಯ್ಲು. ಇಂಥ ಕೆಲಸಗಳು ಒಂದು ಊರಲ್ಲಿ ನಿಲ್ಲುವುದಿಲ್ಲ. ಹೋದಲ್ಲೆಲ್ಲ ಬಾಡಿಗೆ ಮನೆ ಹುಡುಕುವ ಬದಲು ಜೀಪಿನ ಹಿಂದೆ ಎಳೆದೊಯ್ಯುವ ಟ್ರೇಲರ್ ಇದ್ದರೆ ಬಿಡಾರವೂ ಆಯಿತು, ರಜೆಯಲ್ಲಿ ಮುರ್ಡೇಶ್ವರಕ್ಕೋ ಬನವಾಸಿಗೋ ಹೋಗಿ ಉಳಿಯಲೂ ಆಯಿತು ಎಂಬ ಯೋಚನೆ ಸರಿಯಾದದ್ದೇ. ಆದರೆ ಪ್ರದರ್ಶನದಲ್ಲಿ ಒಳಗಿನ ಸೋಫಾ, ಬಣ್ಣದ ದೀಪ ನೋಡಿ ಕೊಂಡ ಟ್ರೇಲರ್ ನಮ್ಮ ಕಡೆ ಎರಡು ಮಳೆಗಾಲ ತಾಳುವುದು ಕಷ್ಟ. ಅದು ಎಲ್ಲಿ ನಿಲ್ಲುತ್ತದೆ, ಯಾವ ಘಟ್ಟ ಇಳಿಯುತ್ತದೆ, ಎಷ್ಟು ಮಳೆ ತಡೆಯಬೇಕು ಎಂಬಲ್ಲಿಂದ ಹೊರಟು ಕೊನೆಯಲ್ಲಿ ಒಳಾಂಗಣಕ್ಕೆ ಬನ್ನಿ.

ಹಂತ 1: ನಿಜವಾಗಿ ಟ್ರೇಲರೇ ಬೇಕೇ?

ಒಂದೇ ಸೈಟಿನಲ್ಲಿ ವರ್ಷಕ್ಕಿಂತ ಹೆಚ್ಚು ಕೆಲಸವಿದೆ, ನಡುವೆ ಕದಲಿಸುವುದಿಲ್ಲ ಎಂದಾದರೆ ಪೋರ್ಟಾ ಕ್ಯಾಬಿನ್ ಒಳ್ಳೆಯದು. ಅದೇ ದುಡ್ಡಿಗೆ ಹೆಚ್ಚು ಜಾಗ, ದಪ್ಪ ಗೋಡೆ ಸಿಗುತ್ತದೆ. ಟೈರು, ಬೇರಿಂಗು, ನೋಂದಣಿಯ ಗೋಜಿಲ್ಲ. ವರ್ಷಕ್ಕೆ ಎರಡು ಮೂರು ಸಲವಾದರೂ ಜಾಗ ಬದಲಾಗುತ್ತದೆ ಎಂದಾದರೆ ಮಾತ್ರ ಟ್ರೇಲರಿಗೆ ಅರ್ಥವಿದೆ. ಎಂಜಿನ್ ಸಹಿತ ಬರುವ ಕ್ಯಾರವಾನ್ ವ್ಯಾನು ತಿರುಗಾಟಕ್ಕೆ ಚೆನ್ನ; ಆದರೆ ಕೆಲಸದವರಿಗೆ ಒಂದು ತೊಂದರೆ, ಹಾಲು ತರಲು ಪೇಟೆಗೆ ಹೋಗಬೇಕೆಂದರೂ ಮನೆಯನ್ನೇ ಎಬ್ಬಿಸಿಕೊಂಡು ಹೋಗಬೇಕು. ಟ್ರೇಲರಾದರೆ ಜೀಪು ಬಿಚ್ಚಿಕೊಂಡು ಓಡಾಡಬಹುದು.

ಬಿಡಾರ ಮತ್ತು ತಿರುಗಾಟ ಎರಡೂ ಕೇಳುವುದು ಬೇರೆ ಬೇರೆ. ಬಿಡಾರಕ್ಕೆ ಕಾಯಂ ಹಾಸಿಗೆ, ಕೂತು ಕೆಲಸ ಮಾಡುವ ಮೇಜು, ಒದ್ದೆ ರೇನ್‌ಕೋಟು ಮತ್ತು ಕೆಸರು ಬೂಟು ಇಡುವ ಜಾಗ ಬೇಕು. ತಿರುಗಾಟಕ್ಕೆ ಹಗುರ ಮೈ, ಬೇಗ ಮಡಚುವ ಸಾಮಾನು, ಮಕ್ಕಳಿಗೆ ಹೆಚ್ಚುವರಿ ಹಾಸಿಗೆ. ಎರಡನ್ನೂ ಪೂರ್ತಿ ಕೊಡುವ ಟ್ರೇಲರ್ ಭಾರವಾಗಿಯೇ ಇರುತ್ತದೆ, ಭಾರದ್ದು ಘಟ್ಟಕ್ಕೆ ಆಗುವುದಿಲ್ಲ. ನಮ್ಮ ಸಲಹೆ: ನಿಮ್ಮ ಹೆಚ್ಚಿನ ರಾತ್ರಿಗಳು ಯಾವುದಕ್ಕೆ ಹೋಗುತ್ತವೋ ಅದಕ್ಕೆ ತಕ್ಕುದನ್ನು ಕೊಳ್ಳಿ. ಅಂದರೆ ಬಹುಪಾಲು ಜನರಿಗೆ ಒಬ್ಬರು ಅಥವಾ ಇಬ್ಬರಿಗೆ ಸಾಲುವ, 11ರಿಂದ 13 ಅಡಿ ಮೈಯ, ಒಂದೇ ಆ್ಯಕ್ಸಲಿನ (ಒಂದೇ ಜೋಡಿ ಚಕ್ರದ) ಟ್ರೇಲರ್. ಸಂಸಾರ ಸಮೇತ ಹೋದಾಗ ಮಕ್ಕಳಿಗೆ ಪಕ್ಕದಲ್ಲಿ ಟೆಂಟು ಹಾಕಿದರಾಯಿತು.

ಹಂತ 2: ದಾರಿ ಮತ್ತು ಜಾಗ ಅಳೆಯಿರಿ

ಟೇಪು ಹಿಡಿದುಕೊಂಡು ಹೋಗಿ. 12 ಅಡಿ ಮೈಯ ಟ್ರೇಲರಿಗೆ ಮುಂದಿನ ಮೂತಿ (ಜೀಪಿಗೆ ಸಿಕ್ಕಿಸುವ ಕಬ್ಬಿಣದ ಚಾಚು) ಸೇರಿದರೆ ಸುಮಾರು 16 ಅಡಿ. ಜೀಪು ಕೂಡಿದರೆ ಒಟ್ಟು ಸುಮಾರು 30 ಅಡಿ ಆಗುತ್ತದೆ. ಹೆದ್ದಾರಿಯಲ್ಲಿ ಅದು ಏನೂ ಅಲ್ಲ. ಆದರೆ ತೋಟದ ಮನೆಗೆ ಇಳಿಯುವ ಮಣ್ಣು ದಾರಿಯಲ್ಲಿ, ಹಳ್ಳದ ಮೋರಿ ದಾಟಿದ ಕೂಡಲೇ ಬರುವ ತಿರುವಿನಲ್ಲಿ ಟ್ರೇಲರಿನ ಚಕ್ರ ಜೀಪಿನ ಚಕ್ರಕ್ಕಿಂತ ಒಳಗೆ ಸುತ್ತುತ್ತದೆ, ಮೋರಿಯ ಅಂಚಿನಿಂದ ಜಾರುತ್ತದೆ. ಗೇಟಿನ ಅಗಲ, ತಿರುವಿನ ಒಳಬದಿಯ ಜಾಗ, ಅಡ್ಡ ಹಾದ ಕರೆಂಟು ತಂತಿ ಮತ್ತು ಕೇಬಲ್ಲಿನ ಎತ್ತರ, ಕೊಂಕಣ ರೈಲ್ವೆ ಕೆಳಸೇತುವೆಯ ಎತ್ತರ ಇವನ್ನೆಲ್ಲ ಬರೆದುಕೊಳ್ಳಿ. ಮೈಯ ಅಗಲ 7 ಅಡಿಯೊಳಗೆ, ನೆಲದಿಂದ ಸೂರಿನವರೆಗೆ ಎಂಟೂವರೆ ಅಡಿಯೊಳಗೆ ಇದ್ದರೆ ನಮ್ಮ ಹಳ್ಳಿ ದಾರಿಗಳಲ್ಲಿ ಬಹುಮಟ್ಟಿಗೆ ನಡೆಯುತ್ತದೆ. ಸೂರಿನ ಮೇಲೆ ಎಸಿ ಕೂರಿಸಿದರೆ ಅದರ ಎತ್ತರವನ್ನೂ ಸೇರಿಸಿ.

ನಿಲ್ಲಿಸುವ ಜಾಗದ ವಿಷಯದಲ್ಲಿ ನಾಲ್ಕು ಕಡೆ ಖಡಾಖಂಡಿತ ಬೇಡ ಎನ್ನಬೇಕು. ತೆಂಗಿನ ಮರದ ಕೆಳಗೆ ಬೇಡ. ಕಾಯಿ, ಮಡಲು ಬಿದ್ದರೆ ಫೈಬರ್ ಸೂರು ಒಡೆಯುತ್ತದೆ. ಗಜನಿ ಗದ್ದೆಯ (ಅಳಿವೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಅಂಚಿಗೆ ಬೇಡ. ಉಬ್ಬರದ ನೀರು ಮಳೆಯ ನೆರೆಯೊಡನೆ ಸೇರಿದ ದಿನ ಚಕ್ರ ಮುಳುಗುತ್ತದೆ. ಕಡಿದ ಗುಡ್ಡದ ಬುಡಕ್ಕೆ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಜನ, ವಾಹನ ಸಮೇತ ಗಂಗಾವಳಿಗೆ ತಳ್ಳಿದ್ದು ಇಂಥ ಜಾಗದಲ್ಲೇ. ನಾಲ್ಕನೆಯದು ಸೊಪ್ಪಿನ ಬೆಟ್ಟ, ಅಂದರೆ ಅಡಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು. ತೋಟಕ್ಕೆ ಹೊಂದಿಕೊಂಡಿದ್ದರಿಂದ ಅದನ್ನು ಸ್ವಂತ ಜಾಗ ಎಂದುಕೊಳ್ಳುವವರಿದ್ದಾರೆ. ಅಲ್ಲಿ ಇರುವುದು ಸೊಪ್ಪು ತರುವ ಸೌಲಭ್ಯವೇ ಹೊರತು ಒಡೆತನವಲ್ಲ. ನೆಲ ಸಮ ಮಾಡಿ ಟ್ರೇಲರ್ ನಿಲ್ಲಿಸಿದರೆ ಅರಣ್ಯ ಇಲಾಖೆಯ ಪ್ರಕರಣವಾಗಬಹುದು. ಸಮುದ್ರದಂಡೆ, ಅಳಿವೆಯ ಅಂಚುಗಳಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಇವೆ. ಮರಳಿನ ಮೇಲೆ ಇಳಿಸುವ ಆಸೆ ಬಿಡಿ. ಸಾಕಷ್ಟು ಹಿಂದೆ, ಒಬ್ಬರ ಹಿತ್ತಲಲ್ಲಿ ಕೇಳಿ ನಿಲ್ಲಿಸಿ, ದಂಡೆಗೆ ನಡೆದು ಹೋಗಿ.

ಹಂತ 3: ತೂಕದ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲಿ. ಮಾರುವವರು ಹೇಳುವುದು ಖಾಲಿ ತೂಕ. ನೀವು ಎಳೆಯುವುದು ತುಂಬಿದ ತೂಕ. ಒಂದು ಉದಾಹರಣೆ ನೋಡಿ: ಖಾಲಿ ಟ್ರೇಲರ್ 720 ಕೆ.ಜಿ., ನೀರು 60, ಬ್ಯಾಟರಿ ಮತ್ತು ಇನ್ವರ್ಟರ್ 25, ಗ್ಯಾಸು ಮತ್ತು ಒಲೆ 18, ಹಾಸಿಗೆ ಬಟ್ಟೆ 40, ಪಾತ್ರೆ ಮತ್ತು ದಿನಸಿ 45, ಹತ್ಯಾರ, ಜಾಕು, ಸ್ಟೆಪ್ನಿ 45, ಮರೆಹಾಸು (ಬದಿಗೆ ಬಿಚ್ಚುವ ಬಟ್ಟೆಯ ಚಪ್ಪರ) ಮತ್ತು ಕುರ್ಚಿ 25. ಒಟ್ಟು 978 ಕೆ.ಜಿ. ತಯಾರಕರ ತಗಡಿನ ಮೇಲೆ ಗರಿಷ್ಠ 950 ಎಂದು ಕೆತ್ತಿದ್ದರೆ ನೀವು ಮಿತಿ ದಾಟಿಯಾಯಿತು, ಐಷಾರಾಮದ ಒಂದು ವಸ್ತುವನ್ನೂ ಹಾಕದೆ. ಖಾಲಿ ತೂಕಕ್ಕೂ ಗರಿಷ್ಠ ತೂಕಕ್ಕೂ ನಡುವೆ ಕನಿಷ್ಠ 300 ಕೆ.ಜಿ. ಅಂತರವಿಲ್ಲದ ಟ್ರೇಲರನ್ನು ಬಿಡಾರಕ್ಕೆ ಕೊಳ್ಳಬೇಡಿ.

ಆಮೇಲೆ ನಿಮ್ಮ ವಾಹನ. ಅದರ ಮ್ಯಾನುಯಲ್ಲಿನಲ್ಲಿ ಎಳೆಯಬಹುದಾದ ತೂಕ ಎಷ್ಟು, ಬ್ರೇಕಿರುವ ಮತ್ತು ಬ್ರೇಕಿಲ್ಲದ ಟ್ರೇಲರಿಗೆ ಬೇರೆ ಬೇರೆ ಮಿತಿ ಇದೆಯೇ ನೋಡಿ. ಟ್ರೇಲರ್ ಎಳೆಯಬಾರದು ಎಂದೇ ಬರೆದ ಕಾರುಗಳಿವೆ. ಅಂಥದಕ್ಕೆ ಯಾವ ಹುಕ್ಕು ಹಾಕಿದರೂ ಪ್ರಯೋಜನವಿಲ್ಲ. ಘಟ್ಟಕ್ಕಾಗಿ ಕಂಪನಿ ಹೇಳಿದ ಮಿತಿಯ ಮುಕ್ಕಾಲು ಪಾಲಿಗೆ ನಿಲ್ಲುವುದು ಜಾಣತನ. ಹುಕ್ಕು ಚಾಸಿಗೆ ಬೋಲ್ಟ್ ಆಗಿರಬೇಕು. ಅಂದಕ್ಕೆ ಬಂಪರಿಗೆ ಕೂರಿಸುವ ಹುಕ್ಕುಗಳೇ ಅಂಗಡಿಗಳಲ್ಲಿ ಹೆಚ್ಚು, ಅವು ಎಳೆಯಲಿಕ್ಕಲ್ಲ. ಹುಕ್ಕಿನ ತುದಿಯ ಗುಂಡಿನ ಅಳತೆಯಲ್ಲೂ ಮೋಸ ಹೋಗಬೇಡಿ. 50 ಮಿ.ಮೀ. ಗುಂಡು ಬೇರೆ, 2 ಇಂಚಿನ (50.8 ಮಿ.ಮೀ.) ಗುಂಡು ಬೇರೆ. 2 ಇಂಚಿನ ಕಪ್ಲರನ್ನು (ಗುಂಡಿನ ಮೇಲೆ ಕೂರುವ ಟ್ರೇಲರಿನ ಬಾಯಿ) 50 ಮಿ.ಮೀ. ಗುಂಡಿಗೆ ಹಾಕಿದರೆ ಸಡಿಲವಾಗಿ ಕುಟ್ಟುತ್ತಾ ಸವೆಯುತ್ತದೆ. ತಿರುಗಾಮುರುಗಾ ಆದರೆ ಬೀಗ ಪೂರ್ತಿ ಕೂರುವುದಿಲ್ಲ. ಎರಡು ಸುರಕ್ಷಾ ಸರಪಳಿಗಳನ್ನು ಮೂತಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿ ಸಿಕ್ಕಿಸಬೇಕು, ಕಪ್ಲರ್ ಕಳಚಿದರೆ ಮೂತಿ ಅವುಗಳ ಮೇಲೆ ಬೀಳಲಿ ಎಂದು.

ಮೂತಿಯ ಭಾರ, ಅಂದರೆ ಹುಕ್ಕಿನ ಮೇಲೆ ಬೀಳುವ ತೂಕ, ಟ್ರೇಲರಿನ ಒಟ್ಟು ತೂಕದ 10ರಿಂದ 15 ಪ್ರತಿಶತ ಇರಬೇಕು. ಮೇಲಿನ 978 ಕೆ.ಜಿ.ಗೆ ಸುಮಾರು 100ರಿಂದ 145. ಕಡಿಮೆಯಾದರೆ ಹೆದ್ದಾರಿಯಲ್ಲಿ ಲಾರಿ ಪಕ್ಕದಿಂದ ಹಾದಾಗ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ, ವೇಗ ಹೆಚ್ಚಿದಷ್ಟೂ ಅಲ್ಲಾಟ ಬೆಳೆಯುತ್ತದೆ. ಹೆಚ್ಚಾದರೆ ಜೀಪಿನ ಹಿಂಭಾಗ ಕುಸಿದು ಸ್ಟಿಯರಿಂಗ್ ಹಗುರವಾಗುತ್ತದೆ. ಜೀಪಿನ ಹುಕ್ಕಿಗೂ ಅದರದೇ ಮಿತಿ ಇರುತ್ತದೆ, ಅದನ್ನು ದಾಟಬಾರದು.

ಇದನ್ನು ಮನೆಯಲ್ಲೇ ಅಳೆಯಬಹುದು. ಸಮತಟ್ಟು ನೆಲದಲ್ಲಿ ಚಕ್ರಕ್ಕೆ ಅಡೆ ಕೊಟ್ಟು ಟ್ರೇಲರ್ ಬಿಚ್ಚಿ. ಗಟ್ಟಿ ಹಲಗೆಯೊಂದರ ಒಂದು ತುದಿಯ ಕೆಳಗೆ ಕಬ್ಬಿಣದ ಪೈಪು, ಅಲ್ಲಿಂದ ಮೂರು ಅಡಿ ದೂರಕ್ಕೆ, ಅದೇ ಎತ್ತರದಲ್ಲಿ, ದೇಹದ ತೂಕ ನೋಡುವ ಯಂತ್ರ. ಯಂತ್ರ ಎತ್ತರವಾಗಿದ್ದರೆ ಪೈಪಿನ ಕೆಳಗೆ ಹಲಗೆ ಚೂರು ಕೊಡಿ. ಬರೀ ಹಲಗೆಗೆ ಯಂತ್ರ ಎಷ್ಟು ತೋರಿಸುತ್ತದೆ ಗುರುತು ಮಾಡಿ. ಈಗ ಪೈಪಿನಿಂದ ಒಂದು ಅಡಿಗೆ ಮರದ ತುಂಡು ನಿಲ್ಲಿಸಿ, ಮೂತಿಯನ್ನು ಅದರ ಮೇಲೆ ಇಳಿಸಿ. ಬಂದ ಅಂಕಿಯಲ್ಲಿ ಹಲಗೆಯ ಅಂಕಿ ಕಳೆದು ಮೂರರಿಂದ ಗುಣಿಸಿದರೆ ಮೂತಿಯ ಭಾರ. ಒಟ್ಟು ತೂಕಕ್ಕೆ ವೇಬ್ರಿಜ್‌ಗೆ ಹೋಗಿ, ಟ್ರೇಲರನ್ನು ಬಿಚ್ಚಿ ನಿಲ್ಲಿಸಿ ತೂಗಿಸಿ. ಭಾರ ಕಡಿಮೆ ಬಂದರೆ ಹತ್ಯಾರದ ಪೆಟ್ಟಿಗೆಯನ್ನು ಆ್ಯಕ್ಸಲಿನ ಮುಂದಕ್ಕೆ ತನ್ನಿ. ನೀರಿನ ಟ್ಯಾಂಕು ಆ್ಯಕ್ಸಲಿನ ನೇರಕ್ಕೆ ಇರುವ ಮಾದರಿಯನ್ನೇ ಆರಿಸಿ. ತೀರಾ ಹಿಂದಿದ್ದರೆ ಟ್ಯಾಂಕು ತುಂಬಿದ ದಿನ ಒಂದು ನಡತೆ, ಖಾಲಿಯಾದ ದಿನ ಇನ್ನೊಂದು.

ಹಂತ 4: ಘಟ್ಟ ಇಳಿಯುವ ಬ್ರೇಕು

ಏರುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಪಾಯ ಇರುವುದು ಇಳಿಯುವಾಗ. 1,000 ಕೆ.ಜಿ. ಭಾರ 500 ಮೀಟರ್ ಎತ್ತರದಿಂದ ಇಳಿದರೆ ಸುಮಾರು 1.4 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ದೇವಿಮನೆ ಘಟ್ಟದಲ್ಲಿ ಶಿರಸಿಯಿಂದ ಕುಮಟಾಕ್ಕೆ, ಅರಬೈಲ್ ಘಟ್ಟದಲ್ಲಿ ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವಾಗ ಅದರ ಬಹುಪಾಲು ಎಂಜಿನ್ ಮತ್ತು ಬ್ರೇಕುಗಳಲ್ಲಿ ಶಾಖವಾಗಿ ಹೋಗಬೇಕು. ಟ್ರೇಲರಿಗೆ ಬ್ರೇಕಿಲ್ಲದಿದ್ದರೆ ಜೀಪಿನ ಬ್ರೇಕೇ ಎರಡರದ್ದೂ ಹೊರಬೇಕು. ತುಂಬಿದ ತೂಕ 750 ಕೆ.ಜಿ. ಮುಟ್ಟುವ ಯಾವುದನ್ನೂ ಬ್ರೇಕಿಲ್ಲದೆ ಘಟ್ಟಕ್ಕೆ ಒಯ್ಯಬಾರದು.

ಬ್ರೇಕಿನಲ್ಲಿ ಎರಡು ಬಗೆ. ಒಂದು ತಳ್ಳು ಬ್ರೇಕು: ಜೀಪು ನಿಧಾನಿಸಿದಾಗ ಟ್ರೇಲರ್ ಹಿಂದಿನಿಂದ ತಳ್ಳುತ್ತದೆ, ಆ ಒತ್ತಡದಲ್ಲೇ ಅದರ ಬ್ರೇಕು ಹಿಡಿಯುತ್ತದೆ. ಸರಳ, ವಯರಿಂಗ್ ಬೇಕಿಲ್ಲ. ಆದರೆ ಉದ್ದ ಇಳಿಜಾರಿನಲ್ಲಿ ನೀವು ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಿಂದ ಇಳಿಯುತ್ತಿರುವಾಗಲೂ ಟ್ರೇಲರ್ ತಳ್ಳುತ್ತಲೇ ಇರುತ್ತದೆ, ಬ್ರೇಕು ಬಿಡದೆ ಉಜ್ಜಿ ಕಾಯುತ್ತದೆ, ಕಾದ ಬ್ರೇಕು ಹಿಡಿಯುವುದಿಲ್ಲ. ಆದ್ದರಿಂದ ನಡುವೆ ಅಗಲ ಜಾಗ ಸಿಕ್ಕಲ್ಲಿ ನಿಲ್ಲಿಸಿ, ಚಕ್ರದ ಹಬ್ಬಿನ (ನಡುಭಾಗದ) ಹತ್ತಿರ ಕೈ ಒಯ್ದು ನೋಡಿ, ಮುಟ್ಟಬೇಡಿ. ಶಾಖ ಹೊಡೆದರೆ, ಸುಟ್ಟ ವಾಸನೆ ಬಂದರೆ ಆರುವ ತನಕ ಕಾಯಿರಿ. ನೀರು ಎರಚಬೇಡಿ, ಡ್ರಮ್ಮು ಬಿರಿಯುತ್ತದೆ. ಹಿಂದಕ್ಕೆ ಹೋಗುವಾಗಲೂ ಇದೇ ಬ್ರೇಕು ಹಿಡಿಯುವುದರಿಂದ, ರಿವರ್ಸಿನಲ್ಲಿ ತಾನೇ ಬಿಡುವ ವ್ಯವಸ್ಥೆ ಇದೆಯೇ ಕೇಳಿ. ಇಲ್ಲದಿದ್ದರೆ ಹಿತ್ತಲ ಏರಿಗೆ ಹಿಂದಕ್ಕೆ ಹತ್ತಿಸಲಾಗದೆ ಸಿಕ್ಕಿಕೊಳ್ಳುತ್ತೀರಿ. ಇನ್ನೊಂದು ವಿದ್ಯುತ್ ಬ್ರೇಕು. ಚಾಲಕನ ಹತ್ತಿರದ ನಿಯಂತ್ರಕದಿಂದ ಹೆಚ್ಚು ಕಡಿಮೆ ಮಾಡಬಹುದು. ತಿಂಗಳಿಗೊಮ್ಮೆ ಘಟ್ಟ ಹತ್ತಿಳಿಯುವವರು ಇದನ್ನೇ ಆರಿಸಿ, ದುಬಾರಿಯಾದರೂ. ಆದರೆ ಉಪ್ಪು ಗಾಳಿಗೆ ಇದರ ಪ್ಲಗ್ಗಿನ ಪಿನ್ನುಗಳು ಹಸಿರುಗಟ್ಟುತ್ತವೆ, ಹೊರಡುವ ಮುನ್ನ ಪ್ರತಿ ಸಲ ಪರೀಕ್ಷಿಸಬೇಕು.

ಹಂತ 5: ಮೈ, ಸೂರು, ತುಕ್ಕು

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಸುಮಾರಿಗೆ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್. ಟ್ರೇಲರಿನ ಸೂರು ಒಂದೇ ತುಂಡಿನ ಫೈಬರ್ ಆಗಿರಲಿ. ತಗಡು ಜೋಡಿಸಿ ಮೊಳೆ ಹೊಡೆದ ಸೂರಿನಲ್ಲಿ ಪ್ರತಿ ಜೋಡಣೆಯೂ ಸೋರುವ ಬಾಗಿಲು. ಸೂರು ಒಂದು ಕಡೆಗೆ ಇಳಿಜಾರಾಗಿರಬೇಕು. ಮಟ್ಟಸ ಸೂರಿನಲ್ಲಿ ನೀರು ನಿಂತು ಪಾಚಿಗಟ್ಟುತ್ತದೆ. ಗೋಡೆಗೆ ಎರಡು ಫೈಬರ್ ಹಾಳೆಗಳ ನಡುವೆ ಫೋಮು ತುಂಬಿದ ಪ್ಯಾನೆಲ್ ಒಳ್ಳೆಯದು: ಹಗುರ, ಬಿಸಿಲಿಗೆ ಕಾಯದು, ಒರಲೆ ತಿನ್ನದು. ಮರದ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿದ್ದು ನೋಡಲು ಚಂದ, ಆದರೆ ಒಮ್ಮೆ ನೀರು ಒಳಹೊಕ್ಕರೆ ಒಳಗೇ ಕೊಳೆಯುತ್ತದೆ, ಹೊರಗೆ ಗೊತ್ತಾಗುವಾಗ ತಡವಾಗಿರುತ್ತದೆ. ಪ್ಲೈವುಡ್ ಬಳಸಿದ್ದರೆ ಐಎಸ್ 710 ಮುದ್ರೆ ಇರುವ ಮೆರೈನ್ ದರ್ಜೆಯದೇ ಆಗಬೇಕು. ಐಎಸ್ 303 ಸಾಲದು. ಕಿಟಕಿ ಚೌಕಟ್ಟಿನ ಸುತ್ತ ಬ್ಯೂಟೈಲ್ ಟೇಪು, ಹೊರಗೆ ಪಾಲಿಯುರೆಥೇನ್ ಸೀಲೆಂಟು. ಬರೀ ಸಿಲಿಕಾನ್ ಬಳಿದದ್ದು ಕ್ರಮೇಣ ಅಂಚು ಬಿಡುತ್ತದೆ, ಮತ್ತೆ ಅದರ ಮೇಲೆ ಬೇರೇನೂ ಅಂಟುವುದಿಲ್ಲ.

ಚಾಸಿ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದಾಗಿರಲಿ. ಪೇಂಟು ಹೊಡೆದ ಕಬ್ಬಿಣ ಕಾರವಾರದ ಗಾಳಿಯಲ್ಲಿ ವೆಲ್ಡಿಂಗಿನ ಮೂಲೆಗಳಿಂದ ಶುರುವಾಗಿ ಬೇಗ ತುಕ್ಕು ಹಿಡಿಯುತ್ತದೆ. ಶಿರಸಿಯಲ್ಲಿ ಉಪ್ಪಿಲ್ಲ, ಅಲ್ಲಿ ಒಳ್ಳೆಯ ಎಪಾಕ್ಸಿ ಪೇಂಟೂ ನಡೆದೀತು. ಸ್ಟೇನ್‌ಲೆಸ್ ಸ್ಕ್ರೂಗಳಲ್ಲಿ 304 ದರ್ಜೆ ಸಮುದ್ರದ ಬಳಿ ಕಂದು ಕಲೆ ಹಿಡಿಯುತ್ತದೆ, 316 ತಾಳುತ್ತದೆ. ಅಲ್ಯೂಮಿನಿಯಂ ಮೈಗೆ ಸ್ಟೀಲ್ ಸ್ಕ್ರೂ ನೇರ ಹಾಕಿದಲ್ಲಿ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ, ನಡುವೆ ನೈಲಾನ್ ವಾಷರ್ ಬೇಕು.

ಬೂಷ್ಟಿನ ವಿಷಯ ಬೇರೆಯಾಗಿಯೇ ಹೇಳಬೇಕು. ಸೋರದ ಟ್ರೇಲರಿನಲ್ಲೂ ಅದು ಬರುತ್ತದೆ. ಇಬ್ಬರ ಉಸಿರು, ಕುದಿಯುವ ಗಂಜಿ, ಒದ್ದೆ ಬಟ್ಟೆ ಇಷ್ಟೇ ಸಾಕು. ಹಾಸಿಗೆಯ ಕೆಳಗೆ ಇಡೀ ಪ್ಲೈವುಡ್ ಹಲಗೆ ಇದ್ದರೆ ಜುಲೈಯಲ್ಲಿ ಗಾದಿಯ ಅಡಿಭಾಗ ಕಪ್ಪಾಗುತ್ತದೆ; ಪಟ್ಟಿಗಳ ಮಂಚವಿರುವುದನ್ನು ಆರಿಸಿ. ಸೂರಿನಲ್ಲಿ ಮಳೆ ಬರುವಾಗಲೂ ತೆರೆದಿಡಬಹುದಾದ ಮುಚ್ಚಳದ ಫ್ಯಾನು, ಎದುರುಬದುರು ಎರಡು ಕಿಟಕಿ, ಅವುಗಳ ಮೇಲೆ ಮಳೆಮರೆ, ಬಾಗಿಲಿನ ಹತ್ತಿರವೇ ಒದ್ದೆ ಬಟ್ಟೆಗೆ ಪ್ರತ್ಯೇಕ ಕಪಾಟು. ಇವು ಇಲ್ಲದ ಟ್ರೇಲರಿನಲ್ಲಿ ಎಷ್ಟು ಒಳ್ಳೆಯ ಸೋಫಾ ಇದ್ದರೂ ಮಳೆಗಾಲದಲ್ಲಿ ವಾಸ ಕಷ್ಟ.

ಹಂತ 6: ಕರೆಂಟು

ಮೊದಲು ದಿನದ ಬಳಕೆ ಬರೆಯಿರಿ. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು 10 ತಾಸು: 300 ವ್ಯಾಟ್-ಅವರ್. ದೀಪ 75. ಲ್ಯಾಪ್‌ಟಾಪ್ 8 ತಾಸು: 480. ಫೋನು, ರೌಟರ್: 180. ಸಣ್ಣ 12 ವೋಲ್ಟ್ ಫ್ರಿಜ್: ಸುಮಾರು 400. ಒಟ್ಟು 1,435. 12.8 ವೋಲ್ಟಿನ 100 ಆಂಪಿಯರ್-ಅವರ್ ಲೀಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿರುವುದು 1,280. ಅಂದರೆ ಒಂದು ದಿನಕ್ಕೂ ಸಾಲದು, 200 ಬೇಕು. 300 ವ್ಯಾಟಿನ ಸೋಲಾರ್ ಫಲಕ ಫೆಬ್ರವರಿಯಲ್ಲಿ ಇದನ್ನು ಹೆಚ್ಚುಕಡಿಮೆ ತುಂಬಿಸುತ್ತದೆ, ಜುಲೈಯಲ್ಲಿ ಅದರ ಕಾಲುಭಾಗವೂ ಬಾರದ ದಿನಗಳಿರುತ್ತವೆ. ಹಾಗಾಗಿ ಬಿಡಾರಕ್ಕೆ ಮನೆಯ ಕರೆಂಟಿನ ಸಂಪರ್ಕ ಅನಿವಾರ್ಯ ಎಂದೇ ಹೊರಡಿ. ಎಸಿಯನ್ನು ಬ್ಯಾಟರಿಯಲ್ಲಿ ಓಡಿಸುವ ಲೆಕ್ಕ ಹಾಕಬೇಡಿ.

ತಂತಿ 2.5 ಚದರ ಮಿ.ಮೀ. ತಾಮ್ರದ್ದು, ಮೂರು ಎಳೆಯದು, ಸುರುಳಿ ಪೂರ್ತಿ ಬಿಚ್ಚಿ ಬಳಸಬೇಕು; ಸುತ್ತಿಟ್ಟ ತಂತಿ ಎಸಿಯ ಹೊರೆಗೆ ಕಾದು ಕರಗುತ್ತದೆ. ಟ್ರೇಲರಿನ ಒಳಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಹಾಕಿಸಿಯೇ ಒಳಗೆ ಮಲಗಿ. ಲೋಹದ ಚಾಸಿ, ಒದ್ದೆ ನೆಲ, ಬರಿಗಾಲು, ಇವು ಮೂರೂ ಸೇರುವ ಜಾಗ ಇದು. ತೋಟದ ಪಂಪ್‌ಸೆಟ್ಟಿನ ಸಂಪರ್ಕದಿಂದ ತಂತಿ ಎಳೆಯಬಾರದು, ಆ ವಿದ್ಯುತ್ತು ನೀರಾವರಿಗೆ ಮಾತ್ರ. ಮನೆ ಮೀಟರಿನಿಂದ ತೆಗೆದುಕೊಳ್ಳಿ, ಇಲ್ಲವೇ ಹೆಸ್ಕಾಂನಲ್ಲಿ ತಾತ್ಕಾಲಿಕ ಸಂಪರ್ಕಕ್ಕೆ ಕೇಳಿ.

ಹಂತ 7: ನೀರು, ಶೌಚ, ಅಡುಗೆ

ಪೆಟ್ಟಿಗೆ ಶೌಚದ (ಕೆಳಗಿನ ಟ್ಯಾಂಕನ್ನು ಎಳೆದು ತೆಗೆದು ಖಾಲಿ ಮಾಡುವಂಥದು) ಟ್ಯಾಂಕು 15ರಿಂದ 20 ಲೀಟರ್. ಹೊರದೇಶದ ಲೆಕ್ಕದಲ್ಲಿ ಇಬ್ಬರಿಗೆ ಎರಡು ಮೂರು ದಿನ ಬರುತ್ತದೆ ಎನ್ನುತ್ತಾರೆ. ಆ ಲೆಕ್ಕ ಕಾಗದ ಬಳಸುವವರದು. ನೀರು ಬಳಸುವ ನಮಗೆ ದಿನಕ್ಕೊಮ್ಮೆ ಖಾಲಿ ಮಾಡಬೇಕಾಗುತ್ತದೆ. ಜೆಟ್ ಸ್ಪ್ರೇ ಇದ್ದರಂತೂ ಸಂಜೆಗೇ ತುಂಬುತ್ತದೆ. ದೀರ್ಘ ಬಿಡಾರಕ್ಕೆ ಪೆಟ್ಟಿಗೆ ಶೌಚ ರಾತ್ರಿಯ ತುರ್ತಿಗೆ ಮಾತ್ರ ಇರಲಿ. ನಿಲ್ಲಿಸಿದಲ್ಲಿ ಸೆಪ್ಟಿಕ್ ಟ್ಯಾಂಕಿರುವ ಶೌಚಾಲಯ ಸಿಗುವಂತೆ ನೋಡಿಕೊಳ್ಳಿ. ಹಳ್ಳಕ್ಕೆ, ದಂಡೆಗೆ ಸುರಿಯುವುದು ಆಗದ ಮಾತು. ಕೆಳಗಿನ ತೋಟದವರು ಅದೇ ಹಳ್ಳದ ನೀರು ಕುಡಿಯುತ್ತಾರೆ.

ಸ್ನಾನ, ಪಾತ್ರೆ, ಕುಡಿಯುವುದು ಸೇರಿ ಜಾಗ್ರತೆಯಿಂದ ಬಳಸಿದರೆ ಒಬ್ಬರಿಗೆ ದಿನಕ್ಕೆ 25 ಲೀಟರ್. 60 ಲೀಟರಿನ ಟ್ಯಾಂಕು ಇಬ್ಬರಿಗೆ ಒಂದು ದಿನ. ದೊಡ್ಡ ಟ್ಯಾಂಕು ಬೇಡ, ನಿಂತಲ್ಲಿ ಪೈಪು ಸಿಕ್ಕಿಸುವ ಬಾಯಿ ಇದ್ದರೆ ಸಾಕು.

ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು, ಆ ಹಬೆಯೆಲ್ಲ ಒಳಗಿನ ಗೋಡೆಗೆ ಕೂರುತ್ತದೆ. ಮೀನು ಹುರಿದ ವಾಸನೆ ಗಾದಿಯಿಂದ ಹೋಗುವುದಿಲ್ಲ. ಹೊರಗೆ ಎಳೆದು ತೆಗೆಯುವ ಒಲೆಯ ಕಟ್ಟೆ, ಅದರ ಮೇಲೆ ಮರೆಹಾಸು ಇರುವ ಮಾದರಿ ನಮ್ಮ ಅಡುಗೆಗೆ ಹೊಂದುತ್ತದೆ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರು ಹೊರಗಿನಿಂದ ಮಾತ್ರ ತೆರೆಯುವ, ತಳದಲ್ಲಿ ತೂತಿರುವ ಪೆಟ್ಟಿಗೆಯಲ್ಲಿರಬೇಕು.

ಹಂತ 8: ಕಾಗದಪತ್ರ

1988ರ ಮೋಟಾರು ವಾಹನ ಕಾಯ್ದೆಯ 61ನೇ ಕಲಮಿನಂತೆ ಟ್ರೇಲರಿಗೂ ನೋಂದಣಿ ಬೇಕು. ಅದರ ಸಂಖ್ಯೆ ಅದರ ಬದಿಯಲ್ಲಿ, ಎಳೆಯುವ ವಾಹನದ ಸಂಖ್ಯೆ ಹಿಂದೆ ಕಾಣಬೇಕು. ಮುಂಗಡ ಕೊಡುವ ಮೊದಲೇ ಮಾದರಿಯ ಅನುಮೋದನೆ ಪತ್ರದ ಪ್ರತಿ ತರಿಸಿಕೊಂಡು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ತೋರಿಸಿ: ಕೆಎ 30 ಆದರೆ ಕಾರವಾರ, 31 ಶಿರಸಿ, 47 ಹೊನ್ನಾವರ, 65 ದಾಂಡೇಲಿ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ಕೃಷಿ ಟ್ರೇಲರಿನ ಸಂಖ್ಯೆ ಅಂಟಿಸಿದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ, ಅಪಘಾತವಾದರೆ ವಿಮೆ ಕೈಬಿಡುತ್ತದೆ. ಹುಕ್ಕನ್ನೂ ಟ್ರೇಲರನ್ನೂ ಪಾಲಿಸಿಯಲ್ಲಿ ಬರಹದಲ್ಲಿ ಸೇರಿಸಿಕೊಳ್ಳಿ. ಓಡುವ ಟ್ರೇಲರಿನೊಳಗೆ ಯಾರೂ ಕೂರಬಾರದು, ಮಲಗಿದ ಮಗುವೂ.

ಹಂತ 9: ನೋಡಲು ಹೋದ ದಿನ

ಹಳೆಯದಾದರೆ ಮಳೆಗಾಲದಲ್ಲೇ ನೋಡಿ. ಬೇಸಿಗೆಯಲ್ಲಿ ಹೋದರೆ ಪೈಪು ಕೇಳಿ, ಸೂರು ಮತ್ತು ಕಿಟಕಿಗಳ ಮೇಲೆ 20 ನಿಮಿಷ ನೀರು ಬಿಡಿಸಿ, ಆಮೇಲೆ ಮೇಲಿನ ಕಪಾಟುಗಳ ಮೂಲೆಗೆ ಬೆರಳು ಹಾಕಿ ನೋಡಿ. ಬಾಗಿಲು ತೆಗೆದ ಕೂಡಲೇ ಸುಗಂಧ ಹೊಡೆದರೆ ಏನನ್ನೋ ಮುಚ್ಚಿದ್ದಾರೆ. ನೆಲದ ಮೂಲೆಗಳನ್ನು ಹಿಮ್ಮಡಿಯಿಂದ ಒತ್ತಿ, ತಗ್ಗಿದರೆ ಪ್ಲೈವುಡ್ ಕೊಳೆತಿದೆ. ಕೆಳಗೆ ಮಲಗಿ ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ: ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಕೇಳುತ್ತದೆ, ಪದರ ಉದುರುತ್ತದೆ. ಜಾಕ್ ಹಾಕಿ ಚಕ್ರ ತಿರುಗಿಸಿ, ಗರಗರ ಎಂದರೆ ಬೇರಿಂಗು ಹೋಗಿದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದ್ದು. ಮೇಲಿನ ಗೀರು ಎಷ್ಟೇ ಆಳವಿದ್ದರೂ ಆರು ವರ್ಷ ದಾಟಿದ ಟೈರನ್ನು ಬದಲಿಸುವ ಖರ್ಚು ಬೆಲೆಯಲ್ಲಿ ಕಳೆಯಿರಿ. ನಿಂತಲ್ಲೇ ನಿಂತ ಟ್ರೇಲರಿನ ಟೈರು ಸವೆಯುವುದಿಲ್ಲ, ಒಣಗಿ ಬಿರಿಯುತ್ತದೆ.

ಹಂತ 10: ನಿಲ್ಲಿಸುವುದು ಮತ್ತು ಮೊದಲ ಮಳೆಗಾಲ

ಒಂದು ಅಡಿ ಎತ್ತರದ ಚಿರೆಕಲ್ಲಿನ ಕಟ್ಟೆ, ಸುತ್ತ ನೀರು ಹರಿಯುವ ಕಾಲುವೆ. ಮೊದಲು ಅಡ್ಡಕ್ಕೆ ಮಟ್ಟ ಮಾಡಿ, ಚಕ್ರದ ಕೆಳಗೆ ಹಲಗೆ ಕೊಟ್ಟು. ಆಮೇಲೆ ಮೂತಿಯ ಜಾಕಿನಿಂದ ಹಿಂದುಮುಂದು. ನಾಲ್ಕು ಮೂಲೆಯ ಕಾಲುಗಳು ಅಲ್ಲಾಟ ತಡೆಯಲಿಕ್ಕೆ ಮಾತ್ರ, ಅವುಗಳಿಂದ ಟ್ರೇಲರನ್ನು ಎತ್ತಿದರೆ ಚಾಸಿ ತಿರುಚುತ್ತದೆ, ಬಾಗಿಲು ಹಾಕಲು ಬರುವುದಿಲ್ಲ. ಚಕ್ರಕ್ಕೆ ಅಡೆ ಕೊಟ್ಟ ಮೇಲೆ ಹ್ಯಾಂಡ್‌ಬ್ರೇಕ್ ಬಿಟ್ಟಿಡಿ. ಎಳೆದಿಟ್ಟರೆ ಬ್ರೇಕ್ ಶೂಗಳು ಡ್ರಮ್ಮಿಗೆ ಕಚ್ಚಿ, ದೀಪಾವಳಿಗೆ ಹೊರಡುವಾಗ ಚಕ್ರ ತಿರುಗುವುದಿಲ್ಲ.

ಮೇ ತಿಂಗಳೊಳಗೆ ಮಾಡಬೇಕಾದವು: ಸೂರಿನ ಸೀಲೆಂಟು ಪರೀಕ್ಷೆ, ಬೇರಿಂಗಿಗೆ ಗ್ರೀಸು, ಪಡುವಣ ಬದಿಗೆ ಮಡಲಿನ ತಟ್ಟಿ ಅಥವಾ ತಾಡಪಾಲಿನ ಮರೆ, ಗೋಡೆಗೆ ತಾಗದಂತೆ ಅರ್ಧ ಅಡಿ ಬಿಟ್ಟು. 2021ರ ಮೇ ತಿಂಗಳ ತೌಕ್ತೆಯಂಥ ಚಂಡಮಾರುತದ ಸುದ್ದಿ ಬಂದರೆ ಮರೆಹಾಸು ಮಡಚಿ, ಚಾಸಿಯ ನಾಲ್ಕು ಮೂಲೆಗೆ ಬೆಲ್ಟು ಬಿಗಿದು ನೆಲದ ಗೂಟಕ್ಕೆ ಕಟ್ಟಿ, ನೀವು ಪಕ್ಕಾ ಮನೆಗೆ ಹೋಗಿ. ಚಿರೆಕಲ್ಲಿನ ನೆಲದಲ್ಲಿ ಗೂಟ ಸುಲಭಕ್ಕೆ ಇಳಿಯದು, ಕಟ್ಟೆ ಕಟ್ಟಿಸುವಾಗಲೇ ಕಾಂಕ್ರೀಟಿನಲ್ಲಿ ಕಬ್ಬಿಣದ ಬಳೆ ಹುಗಿಸಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಗಾದಿ ಎತ್ತಿ ನಿಲ್ಲಿಸಿ, ಎಸಿ ಇದ್ದರೆ ಡ್ರೈ ಮೋಡಿನಲ್ಲಿ ಎರಡು ತಾಸು ಓಡಿಸಿ, ಕೆಳಗಿನ ವಯರುಗಳನ್ನು ಇಲಿ ಕಡಿದಿದೆಯೇ ಟಾರ್ಚು ಹಾಕಿ ನೋಡಿ.